ಬಿಲ್ಲಿಂಗ್ ಫೋಲ್ಡರಿನ ಬೀಗದ ಕೈ ಯಾರ ಕೈಯಲ್ಲಿದೆ?



ಕಳೆದ ತಿಂಗಳ ಸಭೆ ಮುಗಿದು ಚಹಾ ಕುಡಿಯುತ್ತಾ ನಿಂತಿದ್ದಾಗ ನಮ್ಮವರೇ ಮೂರು ನಾಲ್ಕು ಮಂದಿ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಗಲ್ಲಾದ ಕಂಪ್ಯೂಟರಿಗೆ ಭದ್ರತೆ ಇರಲಿ ಎಂದು ಮಾಲಕರಿಗೆ ಒಂದು, ಕ್ಯಾಶಿಯರಿಗೆ ಒಂದು ಎಂದು ಬೇರೆ ಬೇರೆ ಲಾಗಿನ್ ಮಾಡಿಸಿದ್ದಾರೆ. ಅಂದಿನಿಂದ ಬಿಲ್ಲಿಂಗ್ ಸಾಫ್ಟ್‌ವೇರ್ ತಕರಾರು ಶುರು ಮಾಡಿದೆ. ಮಾಲಕರು ಕುಳಿತರೆ ಸರಿಯಾಗಿ ನಡೆಯುತ್ತದೆ, ಕ್ಯಾಶಿಯರ್ ಕುಳಿತರೆ 'ಆಕ್ಸೆಸ್ ಡಿನೈಡ್' ಎನ್ನುತ್ತದೆ. ಸರ್ವಿಸಿನವನಿಗೆ ಫೋನ್ ಮಾಡಿದರೆ ಆತ ಬಂದು ಎರಡು ನಿಮಿಷದಲ್ಲಿ ಎಲ್ಲೋ ಒಂದು ಟಿಕ್ ಹಾಕಿ, ಐನೂರು ರೂಪಾಯಿ ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ಎಲ್ಲ ಸರಿ.

ಆ ಟಿಕ್ ಏನೆಂದು ನಾವು ಯಾರೂ ಕೇಳುವುದಿಲ್ಲ. ನಾನು ಹೋಗಿ ನೋಡಿದ ಹೋಟೆಲುಗಳಲ್ಲೆಲ್ಲ ಅದು ಬಿಲ್ಲಿಂಗ್ ಫೋಲ್ಡರಿನ ಮೇಲೆ 'ಎವ್ರಿವನ್' ಎಂಬ ಹೆಸರಿಗೆ 'ಫುಲ್ ಕಂಟ್ರೋಲ್' ಕೊಟ್ಟ ಟಿಕ್. ಸ್ಟೋರ್ ರೂಮಿಗೆ ಒಳ್ಳೆಯ ಬೀಗ ತಂದು ಹಾಕಿ, ಅದರ ಕೈಯನ್ನು ಅದೇ ಬಾಗಿಲಿನ ಮೊಳೆಗೆ ನೇತು ಹಾಕಿದ ಹಾಗೆ. ಬೀಗ ಇದೆ ಎಂಬ ಸಮಾಧಾನ ಮಾತ್ರ ನಮ್ಮದು.

ನಾನು ಕಂಪ್ಯೂಟರ್ ಕಲಿತವನಲ್ಲ. ಹಗಲು ಕಪ್ಪು ಬಸಿ ತೊಳೆದು, ಇಲ್ಲಿಯ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವನು. ಈ ಫೋಲ್ಡರ್ ಪರ್ಮಿಷನ್ ವಿಷಯ ಕಲಿತದ್ದು ಪುಸ್ತಕದಿಂದಲ್ಲ, ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಕಳ್ಳತನ ಹೊರಿಸಿದ ಮೇಲೆ. ಆದುದರಿಂದ ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇನೆ.

2019ರ ಏಪ್ರಿಲ್ 1ರಂದು ನಮ್ಮ ಮುಲುಂಡಿನ ಹೋಟೆಲಿನ ಗಲ್ಲಾಕ್ಕೆ ಹೊಸ ಕಂಪ್ಯೂಟರ್ ತಂದೆ. ಹೊಸ ಆರ್ಥಿಕ ವರ್ಷ, ಬಿಲ್ ನಂಬ್ರ 1ರಿಂದ ಆರಂಭ. ಕಂಪ್ಯೂಟರ್ ಕೂರಿಸಿದವನು ಬುದ್ಧಿವಂತ. "ಸೇಠ್, ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿ ಕೆಲಸ ಮಾಡಬಾರದು, ಕ್ಯಾಶಿಯರಿಗೆ ಸ್ಟಾಂಡರ್ಡ್ ಯೂಸರ್ ಎಂದು ಬೇರೆ ಖಾತೆ ಮಾಡುತ್ತೇನೆ" ಎಂದ. ಮಾತು ಸರಿಯಾದದ್ದೇ. ಬೆಳಗ್ಗೆಯಿಂದ ಮೂರು ಗಂಟೆವರೆಗೆ ಗಲ್ಲಾದಲ್ಲಿ ನಾನು, ನಾನಿಲ್ಲದಾಗ ನನ್ನ ತಮ್ಮ, ನಮ್ಮ ಖಾತೆಯಲ್ಲಿ. ಸಂಜೆಯಿಂದ ರಾತ್ರಿವರೆಗೆ ಕ್ಯಾಶಿಯರ್, ತನ್ನ ಖಾತೆಯಲ್ಲಿ. ಆತ ನಮ್ಮ ಊರಿನ ಕಡೆಯವನು, ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದವನು. ರಾತ್ರಿ ಬಾಗಿಲು ಹಾಕುವಾಗ ದಿನದ ಮೊತ್ತದ ಚೀಟಿ ತೆಗೆದು, ಹಣದ ಜತೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದ. ಚೀಟಿಗೂ ಹಣಕ್ಕೂ ತಾಳೆಯಾಗುತ್ತಿತ್ತು.

ಆ ತಿಂಗಳ ಕೊನೆಗೆ ಮನೆಯ ನೇಮಕ್ಕೆಂದು ಊರಿಗೆ ಹೋಗಿ ಹತ್ತು ದಿನ ನಿಂತು ಬಂದೆ. ಮೇ ತಿಂಗಳಲ್ಲಿ ಜಿಎಸ್‌ಟಿ ರಿಟರ್ನಿಗಾಗಿ ಏಪ್ರಿಲ್‌ನ ಮಾರಾಟ ತೆಗೆಯಲು ನನ್ನ ಖಾತೆಯಲ್ಲಿ ಕುಳಿತರೆ, ಮೊತ್ತ ಅರ್ಧಕ್ಕಿಂತಲೂ ಕಡಿಮೆ. ದಿನದಿನದ್ದು ತೆಗೆದು ನೋಡಿದೆ. ಮಧ್ಯಾಹ್ನ ಮೂರರ ನಂತರದ ಒಂದೇ ಒಂದು ಬಿಲ್ಲೂ ಇಲ್ಲ. ಇಡೀ ತಿಂಗಳಿನದ್ದು ಇಲ್ಲ. ಆಮೇಲೆ ಒಬ್ಬ ಗಿರಾಕಿ ಬಿಟ್ಟು ಹೋದ ಸಂಜೆಯ ಬಿಲ್ಲು ಕೈಗೆ ಸಿಕ್ಕಿತು. ಅದರ ನಂಬ್ರ ಹಾಕಿ ಕಂಪ್ಯೂಟರಿನಲ್ಲಿ ಹುಡುಕಿದರೆ ಬೆಳಗ್ಗೆ ಇಡ್ಲಿ ವಡೆ ತಿಂದ ಇನ್ನಾರದೋ ಬಿಲ್ಲು ಬಂತು. ಒಂದೇ ನಂಬ್ರಕ್ಕೆ ಎರಡು ಬಿಲ್ಲು!

ಗಲ್ಲಾದಲ್ಲಿ ವರ್ಷಗಟ್ಟಲೆ ಕುಳಿತ ನಿಮಗೆ ಹೇಳಬೇಕಾಗಿಲ್ಲ. ಒಂದೇ ನಂಬ್ರದ ಎರಡು ಬಿಲ್ಲು ಕಂಡರೆ ಮಾಲಕನ ತಲೆಗೆ ಮೊದಲು ಬರುವುದು ಯಾವ ಯೋಚನೆ ಎಂದು. ಚೀಟಿಗೆ ಹಣ ತಾಳೆಯಾಗುತ್ತಿತ್ತು ನಿಜ, ಆದರೆ ಬಿಲ್ಲುಗಳನ್ನೇ ಅಳಿಸಿ ಚೀಟಿ ತೆಗೆದಿದ್ದರೆ? ಕಂಪ್ಯೂಟರಿನವನಿಗೆ ಫೋನ್ ಮಾಡಿದೆ. ಆತ ಇದ್ದಲ್ಲಿಂದಲೇ, "ಎಂಟ್ರಿ ಇಲ್ಲ ಎಂದರೆ ಯಾರೋ ಡಿಲೀಟ್ ಮಾಡಿದ್ದಾರೆ" ಎಂದುಬಿಟ್ಟ. ನಾನು ಮೊದಲು ಕ್ಯಾಶಿಯರನ ಪಾಸ್‌ವರ್ಡ್ ಬದಲಾಯಿಸಿದೆ, ಆಮೇಲೆ ಆತನನ್ನು ಕರೆದೆ. ಕರೆದದ್ದು ಕೌಂಟರಿನ ಎದುರಿಗೆ, ಸಪ್ಲಾಯರುಗಳೆಲ್ಲ ನೋಡುತ್ತಿರುವಾಗ.

"ಅಣ್ಣ, ನನ್ನ ಲಾಗಿನ್ ಒಮ್ಮೆ ತೆರೆದು ನೋಡಿ. ಅದರಲ್ಲಿ ಎಲ್ಲ ಬಿಲ್ಲೂ ಕಾಣುತ್ತದೆ" ಎಂದ.

"ಒಂದು ಕಂಪ್ಯೂಟರ್, ಒಂದು ಸಾಫ್ಟ್‌ವೇರ್. ನಿನಗೆ ಕಾಣುವುದು ನನಗೆ ಕಾಣದೆ ಎಲ್ಲಿ ಹೋಗುತ್ತದೆ?" ಎಂದೆ ನಾನು.

ಆತ ಮತ್ತೆ ಏನೂ ಹೇಳಲಿಲ್ಲ. ಡ್ರಾವರಿನ ಕೀಲಿಕೈ ಮೇಜಿನ ಮೇಲೆ ಇಟ್ಟು ಚಪ್ಪಲಿ ಹಾಕಿಕೊಂಡು ಹೋದ.

ನಾಲ್ಕನೆಯ ದಿನ ನನ್ನ ಮಗಳು ಕಾಲೇಜು ರಜೆಯಲ್ಲಿ ಹೋಟೆಲಿಗೆ ಬಂದವಳು, "ಅಪ್ಪ, ಅವರು ಹೇಳಿದ್ದನ್ನು ನೀವು ನೋಡಿಯೇ ಇಲ್ಲವಲ್ಲ" ಎಂದು ಆತನ ಖಾತೆಯನ್ನು ತೆರೆದಳು. ಏಪ್ರಿಲ್ 1ರ ಸಂಜೆಯ ಬಿಲ್ ನಂಬ್ರ 1ರಿಂದ ಹಿಡಿದು ಮೂರು ಸಾವಿರಕ್ಕೂ ಹೆಚ್ಚು ಬಿಲ್ಲುಗಳು ಅಲ್ಲಿ ಸಾಲಾಗಿ ಕುಳಿತಿದ್ದವು. ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಜತೆ ಒಂದೊಂದಾಗಿ ತಾಳೆ ನೋಡಿದೆವು. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ.

ಕೋಪದಲ್ಲಿ ನಾನು ಆ ಖಾತೆಯನ್ನೇ ತೆಗೆಯಲು ಹೊರಟಿದ್ದೆ. ವಿಂಡೋಸಿನಲ್ಲಿ ಖಾತೆ ತೆಗೆಯುವಾಗ 'ಡಿಲೀಟ್ ಅಕೌಂಟ್ ಅಂಡ್ ಡೇಟಾ' ಎಂದು ಕೇಳುತ್ತದೆ. ಅದನ್ನು ಒತ್ತಿದ್ದರೆ ಆತ ತಪ್ಪು ಮಾಡಿಲ್ಲ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಕೈಯಿಂದಲೇ ಅಳಿದು ಹೋಗುತ್ತಿತ್ತು. ಇಂದಿಗೂ ನೆನೆದರೆ ಕೈ ನಡುಗುತ್ತದೆ.

ಒಂದೇ ಹೋಟೆಲಿನಲ್ಲಿ ಎರಡು ಲೆಕ್ಕದ ಪುಸ್ತಕ ಆದದ್ದು ಹೇಗೆ?

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಮ್ಮಂಥವರ ಕಂಪ್ಯೂಟರಿನಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೆಲಸ ಮಾಡುತ್ತಿದ್ದೆವು. ಆಗಿನ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರು ಕೂಡ ಪ್ರೋಗ್ರಾಮನ್ನೂ ಬಿಲ್ಲಿನ ಡೇಟಾವನ್ನೂ ಒಂದೇ ಫೋಲ್ಡರಿನಲ್ಲಿ, ಅಂದರೆ ಸಿ ಡ್ರೈವಿನ 'ಪ್ರೋಗ್ರಾಮ್ ಫೈಲ್ಸ್' ಒಳಗೆ ಇಡುತ್ತಿದ್ದರು. ಅಡಿಗೆ ಭಟ್ಟರ ಹಾಸಿಗೆಯೂ ಅಕ್ಕಿ ಮೂಟೆಯೂ ಒಂದೇ ಕೋಣೆಯಲ್ಲಿದ್ದ ಹಳೆಯ ಹೋಟೆಲುಗಳ ಹಾಗೆ. 2007ರಲ್ಲಿ ವಿಸ್ಟಾ ಬಂದ ಮೇಲೆ ಮೈಕ್ರೋಸಾಫ್ಟ್‌ನವರು ಇದನ್ನು ಬಿಗಿ ಮಾಡಿದರು. 'ಪ್ರೋಗ್ರಾಮ್ ಫೈಲ್ಸ್' ಒಳಗೆ ಇರುವುದನ್ನು ಸಾಧಾರಣ ಖಾತೆಯವನು ಓದಬಹುದು, ನಡೆಸಬಹುದು. ಅಲ್ಲಿ ಬರೆಯಲು ಅವನಿಗೆ ಅಧಿಕಾರವಿಲ್ಲ.

ಹೀಗೆ ಮಾಡಿದರೆ ಹಳೆಯ ಸಾಫ್ಟ್‌ವೇರುಗಳೆಲ್ಲ ಒಮ್ಮೆಲೇ ನಿಂತು ಹೋಗುತ್ತವಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಹಳೆಯ ಮಾದರಿಯ 32 ಬಿಟ್ ಪ್ರೋಗ್ರಾಮ್ ಒಂದು ಅಲ್ಲಿ ಬರೆಯಲು ಹೊರಟರೆ, ವಿಂಡೋಸ್ ಅದಕ್ಕೆ "ಆಗಲಿ, ಬರೆ" ಎನ್ನುತ್ತದೆ. ಆದರೆ ಬರೆದದ್ದನ್ನು ಸದ್ದಿಲ್ಲದೆ ಆ ಖಾತೆಯವನ ಸ್ವಂತ ಜಾಗಕ್ಕೆ ಕಳುಹಿಸುತ್ತದೆ. ಆ ಜಾಗದ ಹೆಸರು 'ವರ್ಚುವಲ್‌ಸ್ಟೋರ್'. ಸಿ ಡ್ರೈವಿನಲ್ಲಿ 'ಯೂಸರ್ಸ್', ಅದರೊಳಗೆ ಆ ಖಾತೆಯ ಹೆಸರು, ಅದರೊಳಗೆ 'ಆಪ್‌ಡೇಟಾ', ಮತ್ತೆ 'ಲೋಕಲ್', ಅದರೊಳಗೆ ಇದು. ಆಪ್‌ಡೇಟಾ ಫೋಲ್ಡರ್ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದೂ ಇಲ್ಲ, ಅಡಗಿಸಿಟ್ಟಿರುತ್ತಾರೆ.

ನಮ್ಮ ಕ್ಯಾಶಿಯರ್ ಮೊದಲ ದಿನ ಸಾಫ್ಟ್‌ವೇರ್ ತೆರೆದ ಕ್ಷಣವೇ ಡೇಟಾ ಫೈಲಿನ ಒಂದು ಪ್ರತಿ ಆತನ ವರ್ಚುವಲ್‌ಸ್ಟೋರಿಗೆ ಹೋಗಿ ಕುಳಿತಿತು. ಅಲ್ಲಿಂದ ಮುಂದೆ ಆತನ ಬಿಲ್ಲೆಲ್ಲ ಆ ಪ್ರತಿಗೆ, ನಮ್ಮದೆಲ್ಲ ಮೂಲಕ್ಕೆ. ಎರಡೂ 1, 2, 3 ಎಂದು ಎಣಿಸುತ್ತಾ ಹೋದವು. ಸಾಫ್ಟ್‌ವೇರಿಗೂ ಇದು ಗೊತ್ತಿಲ್ಲ, ಆತನಿಗೂ ಗೊತ್ತಿಲ್ಲ, ಕೂರಿಸಿದವನಿಗೂ ಗೊತ್ತಿಲ್ಲ. 'ಆಕ್ಸೆಸ್ ಡಿನೈಡ್' ಎಂದು ಬೊಬ್ಬೆ ಹೊಡೆಯುವ ಸಾಫ್ಟ್‌ವೇರ್ ಎಷ್ಟೋ ವಾಸಿ ಮಾರಾಯ್ರೆ, ಸುಮ್ಮನಿರುವುದೇ ಅಪಾಯ.

ಇದು ಬರೀ ನಮ್ಮ ಮನೆಯೊಳಗಿನ ಜಗಳವಲ್ಲ. ಜಿಎಸ್‌ಟಿ ನಿಯಮ 46ರಂತೆ ಬಿಲ್ಲಿನ ಕ್ರಮಸಂಖ್ಯೆ ಅನುಕ್ರಮವಾಗಿರಬೇಕು, ಒಂದು ಆರ್ಥಿಕ ವರ್ಷದಲ್ಲಿ ಒಂದು ನಂಬ್ರ ಒಂದೇ ಸಲ ಬರಬೇಕು. ನಮ್ಮಲ್ಲಿ ಸಾವಿರಾರು ನಂಬ್ರ ಎರಡೆರಡು ಸಲ. ಸಿ.ಎ. ಅವರ ಎದುರು ಎರಡೂ ಪಟ್ಟಿ ಇಟ್ಟು, ನಡೆದದ್ದನ್ನು ಬರೆದು ಕೊಟ್ಟು, ಎರಡೂ ಮೊತ್ತ ಕೂಡಿಸಿ ತೆರಿಗೆ ಕಟ್ಟಿದೆವು. ಅದೇ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅವಕಾಶವಿದೆ. ಈಗ ನಮ್ಮಲ್ಲಿ ಬೆಳಗಿನ ಬಿಲ್ಲಿಗೆ ಒಂದು ಅಕ್ಷರ, ಸಂಜೆಯದಕ್ಕೆ ಇನ್ನೊಂದು ಅಕ್ಷರ ಮುಂದೆ ಸೇರಿಸಿ ಎರಡು ಸರಣಿ ಮಾಡಿದ್ದೇವೆ.

ನಿಮ್ಮಲ್ಲೂ ಹೀಗಾಗಿದ್ದರೆ ಒಂದು ಎಚ್ಚರಿಕೆ. ವರ್ಚುವಲ್‌ಸ್ಟೋರಿನ ಫೈಲನ್ನು ತಂದು ಮೂಲ ಫೈಲಿನ ಮೇಲೆ ಪೇಸ್ಟ್ ಮಾಡಬೇಡಿ. ಎರಡು ಪುಸ್ತಕ ಒಂದಾಗುವುದಿಲ್ಲ, ಒಂದು ಹೋಗಿ ಇನ್ನೊಂದು ಉಳಿಯುತ್ತದೆ. ಎರಡನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟು, ಸಾಫ್ಟ್‌ವೇರ್ ಕಂಪೆನಿಯವರಿಂದಲೇ ಸೇರಿಸಿಸಿ.

ಬೇರೆ ಖಾತೆ ಬೇಕೇ ಬೇಕೆ?

ಇಷ್ಟೆಲ್ಲ ರಗಳೆ ಇದ್ದರೆ ಮೊದಲಿನ ಹಾಗೆ ಎಲ್ಲರೂ ಒಂದೇ ಖಾತೆಯಲ್ಲಿ ಕೆಲಸ ಮಾಡಿದರೆ ಆಗದೆ ಎಂದು ಕೇಳಬಹುದು. ನನಗೂ ಹಾಗೆ ಅನಿಸಿತ್ತು. ಆದರೆ ಕಂಪ್ಯೂಟರಿನಲ್ಲಿ ಏನು ನಡೆದರೂ ಅದು ಲಾಗಿನ್ ಆದವನ ಅಧಿಕಾರದಲ್ಲಿ ನಡೆಯುತ್ತದೆ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಯಾರೋ ಹುಡುಗ ಹಾಡಿನ ಪೆನ್ ಡ್ರೈವ್ ಚುಚ್ಚಿ, ಅದರಲ್ಲಿದ್ದ ವೈರಸ್ ಎದ್ದು 'ಅನುಮತಿ ಕೊಡಿ' ಎಂದು ಕೇಳಿದಾಗ ಗಡಿಬಿಡಿಯಲ್ಲಿ 'ಯೆಸ್' ಒತ್ತಿದರೆ ಇಡೀ ಕಂಪ್ಯೂಟರ್ ಅದರದ್ದು. ಸಾಧಾರಣ ಖಾತೆಯಲ್ಲಾದರೆ ಅಲ್ಲಿ ಪಾಸ್‌ವರ್ಡ್ ಕೇಳುತ್ತದೆ, ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸುಗಳೂ ಹಾಗೆಯೇ. ಆ ಖಾತೆ ಎಲ್ಲೆಲ್ಲಿ ಬರೆಯಬಲ್ಲುದೋ ಅಲ್ಲೆಲ್ಲ ಕೈ ಹಾಕುತ್ತವೆ.

ಇನ್ನೊಂದು ಕಾರಣ ನನಗೆ ಈ ಘಟನೆಯ ನಂತರ ಹೊಳೆದದ್ದು. ಎಲ್ಲರೂ ಒಂದೇ ಖಾತೆಯಲ್ಲಿದ್ದು ನಾಳೆ ಡೇಟಾ ಅಳಿದರೆ, ಯಾರ ಮೇಲೆ ಬೇಕಾದರೂ ಬೆರಳು ತೋರಿಸಬಹುದು. ತಪ್ಪು ಮಾಡದವನಿಗೆ ತನ್ನ ಪರವಾಗಿ ತೋರಿಸಲು ಏನೂ ಇರುವುದಿಲ್ಲ. ನಮ್ಮ ಕ್ಯಾಶಿಯರ್ ಉಳಿದದ್ದು ಆತನದೇ ಒಂದು ಖಾತೆ ಇದ್ದುದರಿಂದ.

ಅಧಿಕಾರಗಳ ಲೆಕ್ಕ

ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ಗೆ ಹೋಗಿ, 'ಸೆಕ್ಯುರಿಟಿ' ಎಂಬ ಹಾಳೆ ತೆರೆಯಿರಿ. ಮೇಲೆ ಹೆಸರುಗಳು, ಕೆಳಗೆ ಆ ಹೆಸರಿಗೆ ಏನೇನು ಅಧಿಕಾರ ಎಂಬ ಟಿಕ್‌ಗಳು ಕಾಣುತ್ತವೆ. 'ರೀಡ್' ಎಂದರೆ ಮೆನು ಕಾರ್ಡು ಓದುವ ಗಿರಾಕಿ. 'ರೀಡ್ ಅಂಡ್ ಎಕ್ಸಿಕ್ಯೂಟ್' ಎಂದರೆ ಗ್ರೈಂಡರನ್ನು ಚಾಲೂ ಮಾಡಿ ಹಿಟ್ಟು ರುಬ್ಬಬಹುದು, ಅದರ ಸ್ಕ್ರೂ ಬಿಚ್ಚುವಂತಿಲ್ಲ. 'ಮೋಡಿಫೈ' ಎಂದರೆ ಸ್ಟೋರಿನ ಜವಾಬ್ದಾರಿ ಇರುವವನು, ಸಾಮಾನು ಇಡಬಹುದು, ತೆಗೆಯಬಹುದು, ಹಾಳಾದದ್ದನ್ನು ಬಿಸಾಡಬಹುದು. 'ಫುಲ್ ಕಂಟ್ರೋಲ್' ಎಂದರೆ ಇವೆಲ್ಲದರ ಮೇಲೆ ಬೀಗವನ್ನೇ ಬದಲಾಯಿಸುವ, ಜಾಗವನ್ನೇ ತನ್ನ ಹೆಸರಿಗೆ ಮಾಡಿಕೊಳ್ಳುವ ಅಧಿಕಾರ. ಬಿಲ್ ಹೊಡೆಯುವವನಿಗೆ ಈ ಕೊನೆಯದರ ಅಗತ್ಯ ಯಾವತ್ತೂ ಬೀಳುವುದಿಲ್ಲ.

ಇನ್ನು 'ಎವ್ರಿವನ್'. ಈ ಹೆಸರಿನಲ್ಲಿ ಅಂದು ಹೊಸದಾಗಿ ಸೇರಿದ ಕ್ಲೀನರ್ ಹುಡುಗನ ಖಾತೆಯೂ ಬರುತ್ತದೆ. ಅದಕ್ಕೆ ಫುಲ್ ಕಂಟ್ರೋಲ್ ಕೊಟ್ಟಲ್ಲಿ ಪ್ರೋಗ್ರಾಮ್ ಫೈಲು ಕೂಡ ಇದ್ದರೆ ಇನ್ನೂ ದೊಡ್ಡ ಅಪಾಯ. ಯಾರಾದರೂ, ಇಲ್ಲವೆ ಯಾವುದಾದರೂ ವೈರಸ್ಸು, ಆ ಪ್ರೋಗ್ರಾಮನ್ನೇ ಬದಲಾಯಿಸಿ ಇಡಬಹುದು. ಮರುದಿನ ಮಾಲಕರು ತಮ್ಮ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಅದನ್ನು ತೆರೆದಾಗ ಅದು ಮಾಲಕರ ಅಧಿಕಾರದಲ್ಲಿಯೇ ನಡೆಯುತ್ತದೆ. ಆದುದರಿಂದ ಪ್ರೋಗ್ರಾಮಿನ ಜಾಗ ಬಿಗಿಯಾಗಿಯೇ ಇರಲಿ, ಡೇಟಾದ ಜಾಗವನ್ನು ಮಾತ್ರ ಬೇಕಾದವರಿಗೆ ತೆರೆಯೋಣ. ಇಡೀ ವಿಷಯದ ಸಾರ ಇಷ್ಟೇ. ಉಳಿದದ್ದು ಕೈಕೆಲಸ.

ಮಾಡುವ ರೀತಿ

ಮೊದಲು ಸಾಫ್ಟ್‌ವೇರ್ ಕಂಪೆನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಡೇಟಾ ಎಲ್ಲಿ ಇರುತ್ತದೆ, ಅದನ್ನು ಪ್ರೋಗ್ರಾಮ್ ಫೈಲ್ಸ್‌ನಿಂದ ಹೊರಗೆ ಇಡಲು ಆಗುತ್ತದೆಯೆ?" ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ಡೇಟಾದ ದಾರಿ ಬದಲಾಯಿಸುವ ಜಾಗ ಸೆಟ್ಟಿಂಗಿನಲ್ಲಿಯೇ ಇರುತ್ತದೆ. ನಾವು ಡಿ ಡ್ರೈವಿನಲ್ಲಿ ಬಿಲ್ಲಿಂಗ್ ಡೇಟಾ ಎಂದು ಒಂದು ಫೋಲ್ಡರ್ ಮಾಡಿದೆವು. ಹೊರಗೆ ಇಡಲು ಆಗುವುದೇ ಇಲ್ಲ ಎಂದರೆ, ಒಳಗಿರುವ ಡೇಟಾ ಎಂಬ ಉಪ ಫೋಲ್ಡರಿಗೆ ಮಾತ್ರ ಅಧಿಕಾರ ಕೊಡಿ, ಇಡೀ ಪ್ರೋಗ್ರಾಮ್ ಫೋಲ್ಡರಿಗೆ ಬೇಡ.

ಹಳೆಯ ಡೇಟಾವನ್ನು ಹೊಸ ಜಾಗಕ್ಕೆ ತರುವಾಗ ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾಡಿ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ತಂದ ಫೈಲು ತನ್ನ ಹಳೆಯ ಅಧಿಕಾರಗಳನ್ನೇ ಹೊತ್ತು ತರುತ್ತದೆ. ಕಾಪಿ ಮಾಡಿದ್ದು ಹೊಸ ಮನೆಯ ನಿಯಮ ಪಾಲಿಸುತ್ತದೆ. ನಮ್ಮಲ್ಲಿ ಕಾಪಿ ಮಾಡಿದ್ದರಿಂದ ಹಳೆಯದೂ ಒಂದು ಪ್ರತಿ ಉಳಿಯಿತು.

ಅನಂತರ ಬಿಲ್ ಹೊಡೆಯುವವರದ್ದು ಒಂದು ಗುಂಪು ಮಾಡಿ. ವಿಂಡೋಸ್ ಪ್ರೊ ಇದ್ದರೆ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್' ಒಳಗೆ 'ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್' ಇದೆ. ಗುಂಪು ಮಾಡಿದರೆ ಲಾಭವೇನೆಂದರೆ, ಮುಂದೆ ಕ್ಯಾಶಿಯರ್ ಬದಲಾದಾಗ ಹೆಸರನ್ನು ಗುಂಪಿನಿಂದ ತೆಗೆದು ಇನ್ನೊಬ್ಬನನ್ನು ಸೇರಿಸಿದರೆ ಸಾಕು, ಫೋಲ್ಡರನ್ನು ಮುಟ್ಟಬೇಕಾಗಿಲ್ಲ. ಹೋಮ್ ಆವೃತ್ತಿಯಲ್ಲಿ ಈ ಕಿಟಕಿ ಇಲ್ಲ. ಅಂಥವರು ನೇರವಾಗಿ ಕ್ಯಾಶಿಯರನ ಖಾತೆಯ ಹೆಸರಿಗೇ ಅಧಿಕಾರ ಕೊಡಬಹುದು.

ಈಗ ಡೇಟಾ ಫೋಲ್ಡರಿನ ಸೆಕ್ಯುರಿಟಿ ಹಾಳೆಗೆ ಬನ್ನಿ. ಡಿ ಡ್ರೈವಿನಲ್ಲಿ ಹೊಸದಾಗಿ ಮಾಡಿದ ಫೋಲ್ಡರ್ ಹೇಗೂ ನಮ್ಮದು ಎಂದು ಸುಮ್ಮನಿರಬೇಡಿ. ಅದರ ಮೇಲೆ 'ಅಥೆಂಟಿಕೇಟೆಡ್ ಯೂಸರ್ಸ್' ಎಂಬ ಹೆಸರು ಸಾಮಾನ್ಯವಾಗಿ ಮೊದಲೇ ಇರುತ್ತದೆ, ಮೋಡಿಫೈ ಅಧಿಕಾರ ಸಹಿತ. ಅಂದರೆ ಲಾಗಿನ್ ಆದ ಯಾರು ಬೇಕಾದರೂ ಅದನ್ನು ಬದಲಾಯಿಸಬಹುದು. ಇದು ಮೇಲಿನ ಡ್ರೈವಿನಿಂದ ಪಿತ್ರಾರ್ಜಿತವಾಗಿ ಇಳಿದು ಬಂದದ್ದು, ಹಾಗಾಗಿ ನೇರವಾಗಿ ತೆಗೆಯಲು ಬಿಡುವುದಿಲ್ಲ. 'ಅಡ್ವಾನ್ಸ್ಡ್' ಒತ್ತಿ, 'ಡಿಸೇಬಲ್ ಇನ್‌ಹೆರಿಟನ್ಸ್' ಒತ್ತಬೇಕು. ಆಗ ಎರಡು ದಾರಿ ಕೇಳುತ್ತದೆ. ಮೊದಲನೆಯದು 'ಕನ್ವರ್ಟ್' ಎಂದು ಆರಂಭವಾಗುತ್ತದೆ, ಇದ್ದ ಹೆಸರುಗಳನ್ನು ಹಾಗೆಯೇ ಉಳಿಸಿ ನಮ್ಮ ಕೈಗೆ ಕೊಡುತ್ತದೆ. ಎರಡನೆಯದು 'ರಿಮೂವ್', ಇಳಿದು ಬಂದದ್ದನ್ನೆಲ್ಲ ಒಮ್ಮೆಲೇ ತೆಗೆಯುತ್ತದೆ. ಮೊದಲನೆಯದನ್ನೇ ಆರಿಸಿ. ಆಮೇಲೆ 'ಅಥೆಂಟಿಕೇಟೆಡ್ ಯೂಸರ್ಸ್' ಮತ್ತು 'ಯೂಸರ್ಸ್' ಎಂಬ ಎರಡನ್ನು ತೆಗೆದು, ನಿಮ್ಮ ಬಿಲ್ಲಿಂಗ್ ಗುಂಪನ್ನು ಸೇರಿಸಿ ಮೋಡಿಫೈ ಕೊಡಿ. 'ಅಡ್ಮಿನಿಸ್ಟ್ರೇಟರ್ಸ್' ಮತ್ತು 'ಸಿಸ್ಟಮ್' ಎಂಬ ಎರಡು ಹೆಸರು ಫುಲ್ ಕಂಟ್ರೋಲ್ ಸಹಿತ ಹಾಗೆಯೇ ಇರಲಿ. ಈ ಸಿಸ್ಟಮ್ ಯಾರಪ್ಪ ಎಂದು ನಾನು ಒಮ್ಮೆ ತೆಗೆದುಬಿಟ್ಟಿದ್ದೆ. ಅದು ವಿಂಡೋಸೇ. ಅದನ್ನು ತೆಗೆದರೆ ಬ್ಯಾಕಪ್, ಆಂಟಿವೈರಸ್ ಇವಕ್ಕೆ ತೊಡಕಾಗುತ್ತದೆ.

'ಅಲೌ' ಪಕ್ಕದಲ್ಲಿ 'ಡಿನೈ' ಎಂಬ ಇನ್ನೊಂದು ಸಾಲು ಕಾಣುತ್ತದೆ. ಅದರ ಹತ್ತಿರ ಹೋಗಬೇಡಿ. ಕೊಡುವುದಕ್ಕಿಂತ ನಿರಾಕರಿಸುವುದಕ್ಕೆ ಅಲ್ಲಿ ಬಲ ಹೆಚ್ಚು. ನಮ್ಮ ಸ್ನೇಹಿತರೊಬ್ಬರು ಬೇರೆಯವರು ಮುಟ್ಟದಿರಲಿ ಎಂದು 'ಎವ್ರಿವನ್'ಗೆ ಡಿನೈ ಹಾಕಿದರು. ಎಲ್ಲರೂ ಎಂದರೆ ಅದರಲ್ಲಿ ಮಾಲಕರೂ ಬಂದರಲ್ಲ. ಶನಿವಾರ ರಾತ್ರಿ ಎಂಟು ಗಂಟೆಯ ಗಿರಾಕಿಯಲ್ಲಿ ಕೈಯಲ್ಲಿ ಬಿಲ್ ಬರೆದರು. ಯಾರಿಗೆ ಕೊಡಬಾರದೋ ಅವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಕು, ಅವರಿಗೆ ಅಧಿಕಾರ ಇಲ್ಲವೆಂದೇ ಅರ್ಥ.

ಮಾಡಿದ್ದು ಸರಿಯಾಯಿತೆ ಎಂದು ನೋಡಲು ಅದೇ ಅಡ್ವಾನ್ಸ್ಡ್ ಕಿಟಕಿಯಲ್ಲಿ 'ಎಫೆಕ್ಟಿವ್ ಆಕ್ಸೆಸ್' ಎಂಬ ಹಾಳೆ ಇದೆ. ಕ್ಯಾಶಿಯರನ ಹೆಸರು ಕೊಟ್ಟರೆ ಆತನಿಗೆ ನಿಜವಾಗಿ ಏನೇನು ಸಾಧ್ಯ ಎಂದು ತೋರಿಸುತ್ತದೆ. ಆದರೂ ನಂಬಿಕೆ ಬರುವುದು ಆತನ ಖಾತೆಯಲ್ಲಿ ಕುಳಿತಾಗಲೇ. ಬಿಲ್ ಮಾಡಿ, ರದ್ದು ಮಾಡಿ, ಮರುಮುದ್ರಣ ತೆಗೆಯಿರಿ, ಕೆಒಟಿ ಕಳುಹಿಸಿ, ದಿನದ ಮೊತ್ತ ತೆಗೆಯಿರಿ. ಆಮೇಲೆ ಮಾಲಕರ ಖಾತೆಯಲ್ಲಿ ಅದೇ ಬಿಲ್ಲುಗಳು ಕಾಣುತ್ತವೆಯೆ ನೋಡಿ. ಕೊನೆಗೆ ಆ ವರ್ಚುವಲ್‌ಸ್ಟೋರ್ ತೆರೆದು, ಬಿಲ್ಲಿಂಗ್ ಸಾಫ್ಟ್‌ವೇರಿನ ಹೆಸರಲ್ಲಿ ಹೊಸದಾಗಿ ಏನಾದರೂ ಬಂದು ಕುಳಿತಿದೆಯೆ ಎಂದು ನೋಡಿ. ಇದನ್ನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾಡಬೇಕು ಎಂದು ಹೇಳಬೇಕಾಗಿಲ್ಲ.

ಎಲ್ಲ ಸರಿ ಇದ್ದೂ ಬರೆಯಲು ಬಿಡುತ್ತಿಲ್ಲವಾದರೆ ಇನ್ನೊಂದು ಕಡೆ ನೋಡಿ. 2017ರಿಂದ ವಿಂಡೋಸ್ 10ರಲ್ಲಿ, ಈಗ 11ರಲ್ಲಿಯೂ, 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬ ರಕ್ಷಣೆ ಇದೆ. ತಾನಾಗಿ ಚಾಲೂ ಇರುವುದಿಲ್ಲ, ಆದರೆ ಭದ್ರತೆ ಬಿಗಿ ಮಾಡುವವರು ಅದನ್ನು ಹಾಕಿ ಹೋಗಿರುತ್ತಾರೆ. ಅದು ಮನುಷ್ಯರನ್ನಲ್ಲ, ಪ್ರೋಗ್ರಾಮನ್ನು ತಡೆಯುತ್ತದೆ. ಫೋಲ್ಡರಿನ ಅಧಿಕಾರ ಎಷ್ಟು ಕೊಟ್ಟರೂ ಅದು ಕೇಳುವುದಿಲ್ಲ. ಅಲ್ಲಿ ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮನ್ನು ಅನುಮತಿಯ ಪಟ್ಟಿಗೆ ಸೇರಿಸಬೇಕು. ಆ ರಕ್ಷಣೆಯನ್ನೇ ತೆಗೆಯುವುದು ಬೇಡ.

ಮೇಲಿನ ಆಫೀಸಿನಿಂದಲೋ ಅಡಿಗೆ ಮನೆಯ ಕಂಪ್ಯೂಟರಿನಿಂದಲೋ ಅದೇ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ತೆರೆಯುವವರಿಗೆ ಎರಡು ಬಾಗಿಲು. 'ಶೇರಿಂಗ್'ನದ್ದು ಒಂದು, 'ಸೆಕ್ಯುರಿಟಿ'ಯದ್ದು ಒಂದು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಮಾದರಿಯದ್ದಾದರೆ ನಿಮ್ಮ ಪುಣ್ಯ. ಅಲ್ಲಿ ಡೇಟಾ ಫೈಲನ್ನು ಮುಟ್ಟುವುದು ಸರ್ವರ್ ಮಾತ್ರ, ಕ್ಯಾಶಿಯರಿಗೆ ಆ ಫೋಲ್ಡರಿನಲ್ಲಿ ಯಾವ ಅಧಿಕಾರವೂ ಬೇಕಾಗಿಲ್ಲ, ಫೋಲ್ಡರನ್ನು ಶೇರ್ ಮಾಡುವುದೂ ಬೇಡ.

ಒಂದು ಸತ್ಯವನ್ನು ಮುಚ್ಚಿಡಬಾರದು. ಮೋಡಿಫೈ ಅಧಿಕಾರದಲ್ಲಿ ಅಳಿಸುವ ಅಧಿಕಾರವೂ ಸೇರಿದೆ. ಹಳೆಯ ಮಾದರಿಯ ಸಾಫ್ಟ್‌ವೇರುಗಳಿಗೆ ಅದಿಲ್ಲದೆ ನಡೆಯುವುದೂ ಇಲ್ಲ, ಏಕೆಂದರೆ ಅವು ಕೆಲಸ ಮಾಡುವಾಗ ಪಕ್ಕದಲ್ಲಿ ಒಂದು ಚಿಕ್ಕ ಫೈಲು ಮಾಡಿ, ಮುಚ್ಚುವಾಗ ಅಳಿಸುತ್ತವೆ. ಹಾಗಾಗಿ ಬಿಲ್ ಹೊಡೆಯುವವನು ಬೇಕೆಂದೋ ಕೈತಪ್ಪಿಯೋ ಡೇಟಾ ಫೈಲನ್ನೇ ಅಳಿಸಬಲ್ಲ. ಇದಕ್ಕೆ ಮದ್ದು ಬ್ಯಾಕಪ್. ಬ್ಯಾಕಪ್ ಫೋಲ್ಡರಿನ ಪಟ್ಟಿಯಲ್ಲಿ ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಮ್ ಎರಡೇ ಹೆಸರಿರಲಿ, ಬಿಲ್ಲಿಂಗ್ ಗುಂಪು ಬೇಡ. ರಾತ್ರಿ ಸಾಫ್ಟ್‌ವೇರ್ ಮುಚ್ಚಿದ ಮೇಲೆ 'ಟಾಸ್ಕ್ ಶೆಡ್ಯೂಲರ್' ಮೂಲಕ ತಾನಾಗಿ ಪ್ರತಿ ಆಗುವಂತೆ ಮಾಡಿಸಿ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ತೆಗೆದು, ಡಿಸ್ಕನ್ನು ಬಿಚ್ಚಿ ಮನೆಗೆ ಒಯ್ಯಿರಿ. ಪೆನ್ ಡ್ರೈವ್ ಉಪಯೋಗಿಸುವವರು ಗಮನಿಸಿ, ಅವು ಸಾಮಾನ್ಯವಾಗಿ ಬೇರೆ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವುದರಿಂದ ಅವುಗಳಿಗೆ ಈ ಸೆಕ್ಯುರಿಟಿ ಹಾಳೆಯೇ ಇರುವುದಿಲ್ಲ. ಸಿಕ್ಕಿದವನದೇ ಡೇಟಾ.

ಸರ್ವಿಸಿನವರು ಅಪ್‌ಡೇಟ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಾರೆ. ನೀವೇ ಬಂದು ಒತ್ತಿ, ಬಾಯಲ್ಲಿ ಹೇಳಬೇಡಿ. ಅವರು ಹೋದ ಮೇಲೆ ಸೆಕ್ಯುರಿಟಿ ಹಾಳೆಯನ್ನು ಮತ್ತೊಮ್ಮೆ ತೆರೆದು 'ಎವ್ರಿವನ್' ಬಂದು ಸೇರಿದೆಯೆ ನೋಡಿ. ನಮ್ಮಲ್ಲಿ ಎರಡು ಸಲ ಸೇರಿತ್ತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಆ ಕಂಪ್ಯೂಟರ್ ಬದಲಾಯಿಸುವವರು ಹೊಸದರಲ್ಲಿ ಬಿಲ್ಲಿಂಗ್ ಹಾಕಿಸುವ ದಿನವೇ ಇದನ್ನೆಲ್ಲ ಮಾಡಿಸಿಕೊಂಡರೆ ಒಂದು ಗಂಟೆಯ ಕೆಲಸ.

ಕ್ಯಾಶಿಯರನ ವಿಷಯ ಅರ್ಧಕ್ಕೆ ಬಿಟ್ಟೆ. ಮಗಳ ಜತೆ ಡೊಂಬಿವಲಿಯ ಆತನ ಮನೆಗೆ ಹೋದೆ. ಆತ ಬಾಗಿಲು ತೆರೆದು ಒಳಗೆ ಕರೆದ, ಮನೆಯವರು ನೀರು ಬೆಲ್ಲ ತಂದ ಹಾಗೆ ನೀರು, ಚಹಾ ತಂದರು. ತಪ್ಪಾಯಿತು ಎಂದು ನಾನು ಹೇಳಿದೆ. ಆತ ಕೂಡಲೇ ಬರಲಿಲ್ಲ. ಎರಡು ವಾರ ಬಿಟ್ಟು ಬಂದ, ಬಂದು ಕೌಂಟರಿನ ಎದುರಿಗೆ ನಿಂತು ಸಪ್ಲಾಯರುಗಳ ಮುಂದೆಯೇ ಕೇಳಿದ: "ಅಣ್ಣ, ನನ್ನ ಪಾಸ್‌ವರ್ಡ್ ಇನ್ನು ಮುಂದೆ ನನಗೆ ಮಾತ್ರ ಗೊತ್ತಿರಬೇಕು. ಏನಾದರೂ ಸಂಶಯ ಬಂದರೆ ನನ್ನನ್ನು ಕೂರಿಸಿಕೊಂಡು ತೆರೆಯಬೇಕು." ಆಗಲಿ ಎಂದೆ. ಇಂದಿಗೂ ಹಾಗೆಯೇ ನಡೆದಿದೆ.

ಮುಂದಿನ ಮಾಸಿಕ ಸಭೆಗೆ ಸದಸ್ಯರು ಅರ್ಧ ಗಂಟೆ ಮುಂಚೆ ಬರುವುದಾದರೆ ಲ್ಯಾಪ್‌ಟಾಪ್ ತಂದು ಮಾಡಿ ತೋರಿಸುತ್ತೇನೆ. ನಿಮ್ಮ ಸಾಫ್ಟ್‌ವೇರಿನ ಹೆಸರು, ಅದರ ಡೇಟಾ ಇರುವ ಜಾಗ, ನಿಮ್ಮದು ಹೋಮೋ ಪ್ರೊವೋ ಎಂಬುದನ್ನು ಚೀಟಿಯಲ್ಲಿ ಬರೆದು ತನ್ನಿ. ನಮ್ಮ ಕ್ಯಾಶಿಯರನನ್ನೂ ಕರೆದು ತರುತ್ತೇನೆ. ಈ ಕೆಲಸ ಈಗ ಆತನಿಗೆ ನನಗಿಂತ ಚೆನ್ನಾಗಿ ಬರುತ್ತದೆ.